ಸರ್ವಶ್ರೇಷ್ಠ ಯಾರು? ಅಂಕಿ ಹೇಳುವುದೆಷ್ಟು, ಬಿಡುವುದೆಷ್ಟು

ಬೆಂಗಳೂರಿನಿಂದ ದೊಡ್ಡಬಳ್ಳಾಪುರಕ್ಕೆ ಹೋಗುವ ದಾರಿಯಲ್ಲಿ ಸಿಗುವ ಬಾಶೆಟ್ಟಿಹಳ್ಳಿ ಈಗ ಕಾರ್ಖಾನೆಗಳ ಊರು. ಪಾಳಿ ಮುಗಿಸಿದವರು ಟೀ ಅಂಗಡಿಯ ಮುಂದೆ ನಿಂತರೆ ಮಾತು ಕ್ರಿಕೆಟ್ಟಿಗೆ ಹೊರಳಲು ಹೆಚ್ಚು ಹೊತ್ತು ಬೇಕಿಲ್ಲ. ಕರ್ನಾಟಕದ ಅತಿ ದೊಡ್ಡ ಆಟಗಾರ ಯಾರು? ಹುಡುಗರು ದ್ರಾವಿಡ್ ಎನ್ನುತ್ತಾರೆ, ಕುಂಬ್ಳೆ ಎನ್ನುತ್ತಾರೆ. ತಲೆ ನರೆತವರೊಬ್ಬರು ‘ನೀನು ವಿಶಿ ಆಟ ನೋಡಿದ್ದೀಯೇನಪ್ಪ?’ ಎಂದು ಕೇಳಿದರೆ ವಾದ ಅಲ್ಲಿಗೆ ನಿಲ್ಲುತ್ತದೆ. ಆದರೆ ಬಗೆಹರಿಯುವುದಿಲ್ಲ.

ಇದು ನಮ್ಮ ಊರಿನ ಜಗಳ ಮಾತ್ರವಲ್ಲ. ಅಮೆರಿಕದ ವೃತ್ತಿಪರ ಬ್ಯಾಸ್ಕೆಟ್‌ಬಾಲ್ ಲೀಗ್ ಆದ ಎನ್‌ಬಿಎ 1996ರಲ್ಲಿ ತನ್ನ ಐವತ್ತು ಶ್ರೇಷ್ಠ ಆಟಗಾರರನ್ನು ಆರಿಸಿತು. ಹೆಸರುಗಳನ್ನು ಪ್ರಕಟಿಸಿತೇ ಹೊರತು ಒಂದು, ಎರಡು ಎಂದು ಕ್ರಮಸಂಖ್ಯೆ ಕೊಡುವ ಧೈರ್ಯ ಮಾಡಲಿಲ್ಲ. 2021ರಲ್ಲಿ ಎಪ್ಪತ್ತೈದು ಮಂದಿಯ ಪಟ್ಟಿ ಮಾಡಹೊರಟಾಗ ಮತಗಳು ಸಮನಾಗಿ, ಎಪ್ಪತ್ತಾರು ಹೆಸರು ಸೇರಿದವು. ಬಿಲ್ ರಸೆಲ್ 13 ಋತುಗಳಲ್ಲಿ 11 ಬಾರಿ ಗೆದ್ದ ತಂಡದಲ್ಲಿದ್ದವರು. ಎದುರಾಳಿ ಎಸೆದ ಚೆಂಡನ್ನು ಗಾಳಿಯಲ್ಲೇ ತಡೆಯುವುದು ಅವರ ವಿದ್ಯೆ. ಆದರೆ ಆ ತಡೆಗಳನ್ನು ಲೀಗ್ ಅಧಿಕೃತವಾಗಿ ಎಣಿಸತೊಡಗಿದ್ದು 1973-74ರಲ್ಲಿ. ರಸೆಲ್ 1969ರಲ್ಲೇ ನಿವೃತ್ತರಾಗಿದ್ದರು. ಅವರ ಅತಿ ದೊಡ್ಡ ಗುಣವೇ ಲೆಕ್ಕದ ಪುಸ್ತಕದಲ್ಲಿಲ್ಲ.

ಇದೇ ತೊಡಕು ನಮ್ಮಲ್ಲೂ ಇದೆ. ಅಂಕಿಗಳನ್ನೇ ನೋಡಿದರೆ ತೀರ್ಪು ಸುಲಭ. ಗುಂಡಪ್ಪ ವಿಶ್ವನಾಥ್ 91 ಟೆಸ್ಟ್‌ಗಳಲ್ಲಿ 6,080 ರನ್ ಗಳಿಸಿದರು, ಸರಾಸರಿ 41.93. ರಾಹುಲ್ ದ್ರಾವಿಡ್ 164 ಟೆಸ್ಟ್‌ಗಳಲ್ಲಿ 13,288 ರನ್, ಸರಾಸರಿ 52.31. ಬಿ.ಎಸ್. ಚಂದ್ರಶೇಖರ್ 58 ಟೆಸ್ಟ್‌ಗಳಲ್ಲಿ 242 ವಿಕೆಟ್ ಪಡೆದರೆ, ಅನಿಲ್ ಕುಂಬ್ಳೆ 132 ಟೆಸ್ಟ್‌ಗಳಲ್ಲಿ 619 ವಿಕೆಟ್ ಪಡೆದರು. ಇಷ್ಟಕ್ಕೇ ಮಾತು ಮುಗಿಯಬೇಕಿತ್ತು. ಮುಗಿಯುವುದಿಲ್ಲವೇಕೆ?

ಮೊದಲನೆಯದಾಗಿ, ಅವಕಾಶ ಸಮನಾಗಿರಲಿಲ್ಲ. ಚಂದ್ರಶೇಖರ್ 1964ರಿಂದ 1979ರವರೆಗೆ, ಅಂದರೆ ಹದಿನೈದು ವರ್ಷಗಳಲ್ಲಿ ಆಡಿದ್ದು 58 ಟೆಸ್ಟ್. ಕುಂಬ್ಳೆ ಹದಿನೆಂಟು ವರ್ಷಗಳಲ್ಲಿ ಅದರ ಎರಡು ಪಟ್ಟಿಗೂ ಹೆಚ್ಚು ಆಡಿದರು. ಪಂದ್ಯವೊಂದಕ್ಕೆ ಲೆಕ್ಕ ಹಾಕಿದರೆ ಕುಂಬ್ಳೆಗೆ 4.69, ಚಂದ್ರಶೇಖರ್‌ಗೆ 4.17. ಅಂತರ ಒಮ್ಮೆಲೇ ಕುಗ್ಗಿತು. ಚಂದ್ರ ಅವರು ಬೇಡಿ, ಪ್ರಸನ್ನ, ವೆಂಕಟರಾಘವನ್ ಅವರ ಜೊತೆ ವಿಕೆಟ್ ಹಂಚಿಕೊಳ್ಳಬೇಕಿತ್ತು ಎಂಬುದನ್ನೂ ಮರೆಯಬಾರದು.

ಎರಡನೆಯದಾಗಿ, ಆಟ ಆಗ ಹೊಟ್ಟೆಪಾಡಿನ ದಾರಿಯಾಗಿರಲಿಲ್ಲ. ವಿಶ್ವನಾಥ್ ಸ್ಟೇಟ್ ಬ್ಯಾಂಕ್ ನೌಕರರು. ಇ.ಎ.ಎಸ್. ಪ್ರಸನ್ನ 1962ರಲ್ಲಿ ಟೆಸ್ಟ್ ಆಡಿದವರು ಎಂಜಿನಿಯರಿಂಗ್ ಓದಿಗಾಗಿ ದೂರ ಸರಿದು, ಮತ್ತೆ ಟೆಸ್ಟ್ ಅಂಗಳಕ್ಕೆ ಬಂದದ್ದು 1967ರಲ್ಲಿ. ಅವರ 189 ವಿಕೆಟ್‌ಗಳ ಪಕ್ಕದಲ್ಲಿ ಆ ಐದು ವರ್ಷಗಳನ್ನು ಯಾರು ಬರೆಯುತ್ತಾರೆ?

ಮೂರನೆಯದು ತೂಕದ ಪ್ರಶ್ನೆ. 1975ರ ಜನವರಿಯಲ್ಲಿ ಮದರಾಸಿನಲ್ಲಿ ಆಂಡಿ ರಾಬರ್ಟ್ಸ್ ಏಳು ವಿಕೆಟ್ ಕಿತ್ತಾಗ ಭಾರತ 190ಕ್ಕೆ ಉದುರಿತು. ಅದರಲ್ಲಿ ವಿಶ್ವನಾಥ್ ಅವರದು ಔಟಾಗದೆ 97. ಪಂದ್ಯವನ್ನು ಭಾರತ ಗೆದ್ದಿತು; ಶತಕಗಳ ಪಟ್ಟಿಯಲ್ಲಿ ಆ ಆಟಕ್ಕೆ ಜಾಗವಿಲ್ಲ. ಬಾಲ್ಯದಲ್ಲಿ ಪೋಲಿಯೊ ತಗುಲಿ ಸೊರಗಿದ ಬಲಗೈಯಿಂದಲೇ ಚಂದ್ರಶೇಖರ್ 1971ರ ಆಗಸ್ಟ್‌ನಲ್ಲಿ ಓವಲ್‌ನಲ್ಲಿ 38 ರನ್‌ಗೆ 6 ವಿಕೆಟ್ ಪಡೆದರು. ಭಾರತ ಇಂಗ್ಲೆಂಡಿನ ನೆಲದಲ್ಲಿ ಮೊದಲ ಬಾರಿ ಟೆಸ್ಟನ್ನೂ ಸರಣಿಯನ್ನೂ ಗೆದ್ದದ್ದು ಹಾಗೆ. ಆ ತಲೆಮಾರು 1973-74ರಲ್ಲಿ ರಣಜಿ ಟ್ರೋಫಿಯನ್ನೂ ತಂದಿತು. ಸತತ ಹದಿನೈದು ವರ್ಷ ಅದನ್ನು ಬಿಟ್ಟುಕೊಡದಿದ್ದ ಮುಂಬಯಿಯ ಹಿಡಿತ ಸಡಿಲಿಸಿದ್ದು ಪ್ರಸನ್ನ ನಾಯಕತ್ವದ ಕರ್ನಾಟಕ.

ಹಾಗೆಂದು ಹಿಂದಿನದೆಲ್ಲ ಚಿನ್ನ, ಈಗಿನದು ಹಿತ್ತಾಳೆ ಎನ್ನುವುದೂ ತಪ್ಪು. 2003ರಲ್ಲಿ ಅಡಿಲೇಡ್‌ನಲ್ಲಿ ದ್ರಾವಿಡ್ 233 ಮತ್ತು ಔಟಾಗದೆ 72 ರನ್ ಗಳಿಸಿ ಗೆಲುವು ತಂದಾಗ ಎದುರಿಗಿದ್ದದ್ದು ಬಲಾಢ್ಯ ಆಸ್ಟ್ರೇಲಿಯಾ. ಟೆಸ್ಟ್‌ಗಳಲ್ಲಿ ಅವರು ಎದುರಿಸಿದ ಎಸೆತಗಳು 31,258. ಇದು ಕೇವಲ ಅಂಕಿಯಲ್ಲ, ತಪಸ್ಸು. ಕುಂಬ್ಳೆ 1999ರ ಫೆಬ್ರುವರಿ 7ರಂದು ದೆಹಲಿಯಲ್ಲಿ ಪಾಕಿಸ್ತಾನದ ಹತ್ತೂ ವಿಕೆಟ್ ಕಬಳಿಸಿದರು. 2002ರಲ್ಲಿ ಆಂಟಿಗಾದಲ್ಲಿ ಮುರಿದ ದವಡೆಗೆ ಪಟ್ಟಿ ಕಟ್ಟಿಕೊಂಡು ಬಂದು ಲಾರಾ ವಿಕೆಟ್ ಪಡೆದರು.

ಇನ್ನು ಟೀ ಅಂಗಡಿಯ ವಾದದಲ್ಲಿ ಹೆಸರೇ ಬಾರದವರಿದ್ದಾರೆ. ಬೆಂಗಳೂರಿನ ಶಾಂತಾ ರಂಗಸ್ವಾಮಿ 1976ರಲ್ಲಿ ಪಟ್ನಾದಲ್ಲಿ ಭಾರತದ ಮಹಿಳೆಯರ ಮೊದಲ ಟೆಸ್ಟ್ ಗೆಲುವಿಗೆ ನಾಯಕಿಯಾಗಿದ್ದವರು. ಟೆಸ್ಟ್ ಶತಕ ಹೊಡೆದ ಮೊದಲ ಭಾರತೀಯ ಮಹಿಳೆ. ಆದರೆ 1977ರ ನಂತರ 1984ರವರೆಗೆ ಮಹಿಳಾ ತಂಡಕ್ಕೆ ಒಂದು ಟೆಸ್ಟೂ ಸಿಗಲಿಲ್ಲ. ಆಡದ ಪಂದ್ಯದ ರನ್ನುಗಳನ್ನು ಯಾವ ಸರಾಸರಿಗೆ ಸೇರಿಸೋಣ?

ಹಾಗಾದರೆ ಶ್ರೇಣಿ ಬೇಡವೇ? ಬೇಕು, ಅದಿಲ್ಲದಿದ್ದರೆ ಹಳಬರ ನೆನಪೂ ಇರುವುದಿಲ್ಲ. ಸಾಧನೆಯ ಮೊತ್ತ ಕೇಳಿದರೆ ದ್ರಾವಿಡ್ ಮತ್ತು ಕುಂಬ್ಳೆ ಮುಂದೆ ನಿಲ್ಲುತ್ತಾರೆ, ಅದರಲ್ಲಿ ಅನುಮಾನವಿಲ್ಲ. ಇಲ್ಲಿಯ ಹುಡುಗನೂ ಜಗತ್ತನ್ನು ಗೆಲ್ಲಬಲ್ಲ ಎಂದು ಮೊದಲು ತೋರಿಸಿದವರು ಯಾರೆಂದರೆ ಉತ್ತರ ಬೇರೆ. ಎರಡು ಪ್ರಶ್ನೆಗಳನ್ನು ಒಂದೆಂದು ತಿಳಿದದ್ದರಿಂದಲೇ ಈ ಜಗಳ.

1980ರಲ್ಲಿ ಮುಂಬಯಿಯ ಜುಬಿಲಿ ಟೆಸ್ಟ್‌ನಲ್ಲಿ ಅಂಪೈರ್ ಔಟ್ ಕೊಟ್ಟಿದ್ದ ಬಾಬ್ ಟೇಲರ್ ಅವರನ್ನು ನಾಯಕ ವಿಶ್ವನಾಥ್ ಮರಳಿ ಕರೆದರು. ಭಾರತ ಹತ್ತು ವಿಕೆಟ್‌ಗಳಿಂದ ಸೋತಿತು. ದಾಖಲೆಯಲ್ಲಿ ಉಳಿದದ್ದು ಆ ಸೋಲು. ನರೆತ ತಲೆಯವರು ಹುಡುಗರಿಗೆ ಹೇಳಬೇಕಾದದ್ದು ದಾಖಲೆಯಲ್ಲಿ ಉಳಿಯದ ಆ ಕರೆಯನ್ನು.