ಮಿರ್ಜಾನದ ಮೆಣಸಿನ ವ್ಯಾಪಾರ: ಏಳಿಗೆಗೆ ಕಾರಣ ಯಾವುದು?

ಕುಮಟಾ ತಾಲೂಕಿನ ಮಿರ್ಜಾನ, ಅಘನಾಶಿನಿ ನದಿಯ ಸಮೀಪವಿರುವ ಹಳೆಯ ವ್ಯಾಪಾರ ಕೇಂದ್ರ. ಘಟ್ಟದ ಕಾಳುಮೆಣಸು ಇಲ್ಲಿಂದ ಹಡಗು ಏರುತ್ತಿತ್ತು. ಆ ಏಳಿಗೆಗೆ ಗೇರುಸೊಪ್ಪೆಯ ರಾಣಿ ಚೆನ್ನಭೈರಾದೇವಿಯ ಜಾಣ್ಮೆ, ಅನುಕೂಲಕರ ಅಳಿವೆ ಮತ್ತು ಚಿರೆಕಲ್ಲಿನ ಭದ್ರ ಕೋಟೆ ಕಾರಣವೆಂಬುದು ಪ್ರಚಲಿತ ನಂಬಿಕೆ. ಕೇಳಲು ಹಿತವಾದ ಈ ವಿವರಣೆ ಪರೀಕ್ಷೆಗೆ ಒಡ್ಡಿದಾಗ ಅಷ್ಟು ಗಟ್ಟಿಯಾಗಿ ನಿಲ್ಲುವುದಿಲ್ಲ.

ಕೋಟೆಯ ಮಾತು ಬೇಗ ಮುಗಿಯುತ್ತದೆ. ಅದನ್ನು ರಾಣಿಯೇ ಕಟ್ಟಿಸಿದಳೆಂಬ ಪ್ರತೀತಿಯ ಜೊತೆಗೆ, ಆಕೆಯ ನಂತರ ಬಿಜಾಪುರದ ಅಧಿಕಾರಿ ಶರೀಫ್-ಉಲ್-ಮುಲ್ಕ್ ಕಟ್ಟಿಸಿದನೆಂಬ ಮತವೂ ಇದೆ. ಎರಡನೆಯದು ನಿಜವಾದರೆ ಕೋಟೆಯು ವ್ಯಾಪಾರಕ್ಕೆ ಕಾರಣವಲ್ಲ, ಅದರ ಫಲ.

ರಾಣಿಯ ವಿಷಯ ಹೆಚ್ಚು ತೊಡಕಿನದು. 1552ರಿಂದ 1606ರವರೆಗೆ ಆಳಿದ ಆಕೆಯನ್ನು ಪೋರ್ಚುಗೀಸರು 'ಮೆಣಸಿನ ರಾಣಿ' ಎಂದೇ ಕರೆದರು. ಅರ್ಧ ಶತಮಾನಕ್ಕೂ ಮಿಕ್ಕಿ ರಾಜ್ಯ ಉಳಿಸಿಕೊಂಡವಳ ಸಾಮರ್ಥ್ಯ ಸಂದೇಹಕ್ಕೆ ಮೀರಿದ್ದು. ಆದರೆ 1606ರಲ್ಲಿ ಕೆಳದಿಯ ವೆಂಕಟಪ್ಪ ನಾಯಕನಿಗೆ ಆಕೆ ಸೋತ ಮೇಲೂ ಮೆಣಸಿನ ವ್ಯಾಪಾರ ನಿಲ್ಲಲಿಲ್ಲ. 1623ರಲ್ಲಿ ಗೋವೆಯ ರಾಯಭಾರಿಯೊಂದಿಗೆ ಇಕ್ಕೇರಿಗೆ ಹೊರಟ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲ್ಲೆ, ದಾರಿಯಲ್ಲಿ ಗೇರುಸೊಪ್ಪೆ ಪಾಳುಬಿದ್ದು ಮರಗಿಡ ಬೆಳೆದುದನ್ನು ಕಂಡ. ರಾಯಭಾರಿಯ ಕೆಲಸಗಳಲ್ಲಿ ಮೆಣಸಿನ ವ್ಯವಹಾರವೂ ಸೇರಿತ್ತು. ಘಟ್ಟವೂ ಅದೇ, ಕೊಳ್ಳುವವರೂ ಅವರೇ. ಮಾರುವ ಅರಮನೆ ಮಾತ್ರ ಬದಲಾಗಿತ್ತು.

ಇನ್ನು ಅಳಿವೆ. ಒಳ್ಳೆಯ ನೆಲೆಯಷ್ಟೇ ಸಾಕಾಗಿದ್ದರೆ ನೆರೆಯ ಹೊನ್ನಾವರ, ಭಟ್ಕಳಗಳು ಕುಗ್ಗಬಾರದಿತ್ತು. 1505ರಲ್ಲಿ ಹೊನ್ನಾವರವನ್ನು ಪೋರ್ಚುಗೀಸರು ಸುಟ್ಟರು. ವಿಜಯನಗರಕ್ಕೆ ಕುದುರೆ ಇಳಿಯುತ್ತಿದ್ದ ಭಟ್ಕಳದ ವ್ಯಾಪಾರ, 1510ರಲ್ಲಿ ಗೋವೆ ಅವರ ವಶವಾದ ಮೇಲೆ ಅತ್ತ ಸರಿಯಿತು. 1542ರಲ್ಲಿ ಊರೇ ಲೂಟಿಯಾಯಿತು. ಸಮುದ್ರದಲ್ಲಿ ಸಂಚರಿಸುವ ಹಡಗು ಪೋರ್ಚುಗೀಸರಿಂದ 'ಕಾರ್ತಾಜ್' ಎಂಬ ರಹದಾರಿ ಪಡೆಯಬೇಕಾಗಿದ್ದ ಕಾಲವದು. ನದಿ ಎಷ್ಟು ಆಳವಿದ್ದರೇನು?

ಗೆದ್ದ ಊರೊಂದನ್ನೇ ನೋಡಿ ಅದರ ಗುಣಗಳನ್ನೆಲ್ಲ ಗೆಲುವಿನ ಕಾರಣವೆನ್ನುವುದರಿಂದ ಈ ತಪ್ಪು ಹುಟ್ಟುತ್ತದೆ. ಅವೇ ಗುಣಗಳಿದ್ದೂ ಸೋತ ಊರು ಲೆಕ್ಕಕ್ಕೆ ಬರುವುದಿಲ್ಲ.

ಇದು ಕೇವಲ ಇತಿಹಾಸದ ಚರ್ಚೆಯಲ್ಲ. ಇದೇ ನದೀಮುಖದ ತದಡಿಯಲ್ಲಿ ದೊಡ್ಡ ಬಂದರು ನಿರ್ಮಿಸುವ ಪ್ರಸ್ತಾಪ ದಶಕಗಳಿಂದ ಕೇಳಿಬಂದಿದೆ. ಹಳೆಯ ವೈಭವವನ್ನು ಅದಕ್ಕೆ ಆಧಾರವಾಗಿ ಹೇಳುವುದು ಸುಲಭ. ಸರಕು ಯಾವುದು, ಕೊಳ್ಳುವವರು ಯಾರು, ದರ ಯಾರ ಕೈಯಲ್ಲಿ ಎಂಬ ಪ್ರಶ್ನೆಗಳಿಗೆ ಮಿರ್ಜಾನದ ಕಲ್ಲುಗಳಲ್ಲಿ ಉತ್ತರವಿಲ್ಲ. 2024ರಲ್ಲಿ ರಾಮ್ಸಾರ್ ಪಟ್ಟಿಗೆ ಸೇರಿದ ಈ ಅಳಿವೆಯಲ್ಲಿ ಮೀನು, ಬಳಚು, ಗಜನಿಯ ಕಗ್ಗ ಭತ್ತವನ್ನು ನೆಚ್ಚಿಕೊಂಡ ಕುಟುಂಬಗಳು ಬಹಳಷ್ಟಿವೆ.