ಅರವತ್ತು ಮೈಲಿಯ ಅಳತೆಗೋಲು

ಸ್ಪೋರ್ಟ್ಸ್ ಕಾರುಗಳ ಹಿರಿಮೆಯನ್ನು ಜಗತ್ತು ಬಹುಕಾಲದಿಂದ ಒಂದೇ ಅಂಕಿಯಲ್ಲಿ ಅಳೆಯುತ್ತ ಬಂದಿದೆ: ನಿಂತ ಕಾರು ಗಂಟೆಗೆ 60 ಮೈಲಿ, ಅಂದರೆ ಸುಮಾರು 97 ಕಿಲೋಮೀಟರ್ ವೇಗ ಮುಟ್ಟಲು ಎಷ್ಟು ಸೆಕೆಂಡು ಬೇಕು? ಈ ಅಳತೆಯನ್ನು ಅಮೆರಿಕದಲ್ಲಿ ಜನಪ್ರಿಯಗೊಳಿಸಿದ ಕೀರ್ತಿ 1946ರಲ್ಲಿ ‘ಮೆಕ್ಯಾನಿಕ್ಸ್ ಇಲಸ್ಟ್ರೇಟೆಡ್’ ಪತ್ರಿಕೆಗೆ ಕಾರುಗಳ ವಿಮರ್ಶೆ ಬರೆಯತೊಡಗಿದ ಟಾಮ್ ಮೆಕ್‌ಕಾಹಿಲ್‌ಗೆ ಸಲ್ಲುತ್ತದೆ. ಈ ಅಂಕಿಯ ಮಿತಿ ಬಯಲಾದದ್ದು ಹವ್ಯಾಸಿಗಳ ಆಟೋಕ್ರಾಸ್ ಅಂಗಳದಲ್ಲಿ.

ಆಟೋಕ್ರಾಸ್‌ಗೆ ಖಾಲಿ ಪಾರ್ಕಿಂಗ್ ಮೈದಾನವೋ ಹಳೆಯ ವಿಮಾನಪಟ್ಟಿಯೋ ಸಾಕು. ಕೋನ್‌ಗಳನ್ನಿಟ್ಟು ಅಂಕುಡೊಂಕಿನ ದಾರಿ ರಚಿಸುತ್ತಾರೆ; ಒಬ್ಬೊಬ್ಬರಾಗಿ ಗಡಿಯಾರದೊಡನೆ ಸೆಣಸುತ್ತಾರೆ. ಉರುಳಿಸಿದ ಪ್ರತಿ ಕೋನ್‌ಗೆ ಎರಡು ಸೆಕೆಂಡು ದಂಡ. ನಿತ್ಯ ಕಚೇರಿಗೆ ಹೋಗುವ ಕಾರನ್ನೇ ಇಲ್ಲಿಗೆ ತರಬಹುದು. 1944ರಲ್ಲಿ ಸ್ಥಾಪಿತವಾದ ಸ್ಪೋರ್ಟ್ಸ್ ಕಾರ್ ಕ್ಲಬ್ ಆಫ್ ಅಮೆರಿಕ 1973ರಲ್ಲಿ ಇದರ ರಾಷ್ಟ್ರೀಯ ಸ್ಪರ್ಧೆಯನ್ನು ಆರಂಭಿಸಿತು.

ಸಂಬಳದಾರನೂ ಸಿರಿವಂತನೂ ಒಂದೇ ಕಣಕ್ಕಿಳಿದರೆ ಸ್ಪರ್ಧೆ ಚಾಲಕರದೋ, ಹಣದ ಥೈಲಿಗಳದೋ? ಈ ಪ್ರಶ್ನೆಗೆ ಉತ್ತರವಾಗಿ ವರ್ಗೀಕರಣ ಬಂತು. ಆದರೆ ಯಾವ ಆಧಾರದ ಮೇಲೆ? ಅಶ್ವಶಕ್ತಿಯನ್ನು ನಂಬುವಂತಿರಲಿಲ್ಲ. ಷೆವರ್ಲೆ ಕಾರ್ವೆಟ್‌ನ ಮೂಲ ಎಂಜಿನ್‌ಗೆ 1971ರಲ್ಲಿ 270 ಅಶ್ವಶಕ್ತಿ ಎಂದು ಘೋಷಿಸಲಾಗಿತ್ತು. 1972ರಲ್ಲಿ ಅದು 200ಕ್ಕೆ ಇಳಿಯಿತು. ಇಳಿಕೆಗೆ ಮುಖ್ಯ ಕಾರಣ ಅಳೆಯುವ ವಿಧಾನ. ಬರಿಯ ಎಂಜಿನ್ನನ್ನು ಅಳೆಯುವ ಬದಲು ಸೈಲೆನ್ಸರ್, ಏರ್ ಫಿಲ್ಟರ್ ಮುಂತಾದವನ್ನು ಜೋಡಿಸಿ ಅಳೆಯತೊಡಗಿದ್ದರು.

ಹಾಗಾದರೆ ವೇಗೋತ್ಕರ್ಷ? ಆಟೋಕ್ರಾಸ್‌ನಲ್ಲಿ ನಿಂತಲ್ಲಿಂದ ಹೊರಡುವುದು ಒಂದೇ ಸಲ. ಉಳಿದ ದಾರಿಯ ಬಹುಭಾಗ ಎರಡನೆಯ ಗೇರಿನಲ್ಲೇ ಸಾಗುತ್ತದೆ. ಅಲ್ಲಿ ಮುಖ್ಯವಾಗುವುದು ತಿರುವಿನಲ್ಲಿ ಎಷ್ಟು ಕಡಿಮೆ ವೇಗ ಕಳೆದುಕೊಂಡೆವು, ಕಳೆದುದನ್ನು ಎಷ್ಟು ಬೇಗ ಮರಳಿ ಪಡೆದೆವು ಎಂಬುದು. 1989ರಲ್ಲಿ ಬಂದ ಮಾಜ್ದಾ ಎಂಎಕ್ಸ್-5 ಇದಕ್ಕೆ ಒಳ್ಳೆಯ ನಿದರ್ಶನ. 1.6 ಲೀಟರಿನ ಎಂಜಿನ್, ಒಂದು ಟನ್ನಿಗೂ ಕಡಿಮೆ ತೂಕ. 60 ಮೈಲಿ ಮುಟ್ಟಲು ಎಂಟು ಸೆಕೆಂಡಿಗೂ ಹೆಚ್ಚು ಬೇಕಾದ ಈ ಕಾರು ಹಗುರತನ, ಕಿರಿದಾದ ಮೈಕಟ್ಟು ಮತ್ತು ಸಮತೋಲದಿಂದ ಆಟೋಕ್ರಾಸಿಗರ ನೆಚ್ಚಿನ ಆಯ್ಕೆಯಾಯಿತು.

ಕೊನೆಗೆ ಮೂಡಿದ ಪರಿಹಾರಗಳಲ್ಲಿ ಒಂದು ಗುಣಕ. ಪ್ರತಿ ವರ್ಗಕ್ಕೂ ಒಂದನ್ನು ಮೀರದ ಸಂಖ್ಯೆಯನ್ನು ಗೊತ್ತುಮಾಡಿ, ಓಟದ ಸಮಯವನ್ನು ಅದರಿಂದ ಗುಣಿಸುತ್ತಾರೆ. ಗುಣಕ 0.80 ಇದ್ದರೆ 60 ಸೆಕೆಂಡಿನ ಓಟ 48 ಎಂದು ಲೆಕ್ಕ. ಈ ಸಂಖ್ಯೆ ಹುಟ್ಟುವುದು ಕಂಪನಿಯ ಕೈಪಿಡಿಯಿಂದಲ್ಲ, ಹಿಂದಿನ ಸ್ಪರ್ಧೆಗಳ ಫಲಿತಾಂಶಗಳಿಂದ. ಬೇರೆಬೇರೆ ಪಾಳಿಗಳಲ್ಲಿ ನೇಮಕಾತಿ ಪರೀಕ್ಷೆ ಬರೆದವರ ಅಂಕಗಳನ್ನು ಸರಿದೂಗಿಸುವ ಕ್ರಮವನ್ನು ಬಲ್ಲ ನಮ್ಮ ನೌಕರವರ್ಗಕ್ಕೆ ಇದು ಅಪರಿಚಿತವೇನಲ್ಲ. ಅಲ್ಲಿನ ತೊಡಕು ಇಲ್ಲಿಯೂ ಉಂಟು: ಯಾವುದಾದರೊಂದು ವರ್ಗದಲ್ಲಿ ನಿಪುಣ ಚಾಲಕರು ಹೆಚ್ಚಾಗಿ ಸೇರಿದರೆ ಅವರ ಕೌಶಲವೂ ಕಾರಿನ ಖಾತೆಗೆ ಜಮೆಯಾಗಿ, ಅದೇ ವರ್ಗದ ಸಾಧಾರಣ ಚಾಲಕ ಅದರ ಹೊರೆ ಹೊರುತ್ತಾನೆ.

ಅಸಮಾನರ ನಡುವೆ ನ್ಯಾಯದ ಅಳತೆ ಒಮ್ಮೆಗೇ ಸಿದ್ಧವಾಗಿಬಿಡುವಂಥದ್ದಲ್ಲ. ಹೊಸ ಕಾರುಗಳು ಬಂದಂತೆಲ್ಲ ವರ್ಗಗಳನ್ನೂ ಗುಣಕಗಳನ್ನೂ ತಿದ್ದುತ್ತಲೇ ಇರಬೇಕು. ಬಹುಮಾನದ ಹಣವನ್ನು ನೆಚ್ಚಿಕೊಳ್ಳದ ಹವ್ಯಾಸಿಗಳು ಈ ತಿದ್ದುವ ಕೆಲಸಕ್ಕೆ ದಶಕಗಳ ಕಾಲ ತಲೆಕೊಟ್ಟಿದ್ದಾರೆ. ಈ ಆಟದ ಚರಿತ್ರೆಯಲ್ಲಿ ನನಗೆ ಅತ್ಯಂತ ಗೌರವಾರ್ಹವಾಗಿ ಕಾಣುವುದು ಇದೇ.