ಮನೆಗೆ ಅಂತರ್ಜಾಲ ಸಂಪರ್ಕ: ಸೇವಾ ಸಂಸ್ಥೆ ಮತ್ತು ವೇಗದ ಆಯ್ಕೆಯ ಕುರಿತು ಮನ್ನಾಏಖೇಳ್ಳಿ ಭಾಗದ ಸಾರ್ವಜನಿಕರಿಗೆ ಮಾಹಿತಿ

ಮನ್ನಾಏಖೇಳ್ಳಿ ಹಾಗೂ ಬೀದರ್ ಜಿಲ್ಲೆಯ ಹುಮನಾಬಾದ್, ಬಸವಕಲ್ಯಾಣ ಕಡೆಯ ಗ್ರಾಮಗಳಲ್ಲಿ ಮನೆಗೆ ಅಂತರ್ಜಾಲ ಸಂಪರ್ಕ ಪಡೆಯಲು ಇಚ್ಛಿಸುವವರ ಅನುಕೂಲಕ್ಕಾಗಿ ಈ ಮಾಹಿತಿಯನ್ನು ನೀಡಲಾಗಿದೆ. ಜಾತಿ ಮತ್ತು ಆದಾಯ ಪ್ರಮಾಣ ಪತ್ರ, ವಿದ್ಯಾರ್ಥಿವೇತನ, ಪಹಣಿ, ನೇಮಕಾತಿ ಪರೀಕ್ಷೆಗಳ ಅರ್ಜಿ ಮುಂತಾದವು ಅಂತರ್ಜಾಲದ ಮೂಲಕವೇ ಸಲ್ಲಿಕೆಯಾಗುತ್ತಿರುವುದರಿಂದ ಮನೆಯ ಸಂಪರ್ಕವು ಕೇವಲ ಮನರಂಜನೆಯ ಸಾಧನವಾಗಿ ಉಳಿದಿಲ್ಲ. ಕೊನೆಯ ದಿನಾಂಕದ ಸಂಜೆ ಸಂಪರ್ಕ ಕಡಿದುಹೋದಲ್ಲಿ ಅಭ್ಯರ್ಥಿಯ ಒಂದು ವರ್ಷವೇ ವ್ಯರ್ಥವಾಗುವ ಸಂಭವವಿದೆ. ಆದಕಾರಣ ಜಾಹೀರಾತಿನ ದೊಡ್ಡ ಅಕ್ಷರಗಳಲ್ಲಿರುವ ವೇಗವನ್ನು ನೋಡುವುದಕ್ಕೆ ಮೊದಲು, ತಂತಿ ಕಡಿದಾಗ ಜೋಡಿಸಲು ಯಾರು ಬರುತ್ತಾರೆ, ಎಷ್ಟು ದಿನದಲ್ಲಿ ಬರುತ್ತಾರೆ ಎಂಬುದನ್ನು ವಿಚಾರಿಸುವುದು ಸೂಕ್ತ.

ಮನೆಯವರೆಗೆ ಏನು ಬರುತ್ತದೆ ಎಂಬುದನ್ನು ತಿಳಿಯುವುದು

ಮನ್ನಾಏಖೇಳ್ಳಿಯು ಹಿಂದೆ 9 ಎಂದು ಕರೆಯಲ್ಪಡುತ್ತಿದ್ದ, ಈಗ 65ನೇ ಸಂಖ್ಯೆಯ ಪುಣೆ–ಹೈದರಾಬಾದ್ ರಾಷ್ಟ್ರೀಯ ಹೆದ್ದಾರಿಯ ಮೇಲಿದೆ. ಹೆದ್ದಾರಿಯ ಬದಿಯ ಊರು ಎಂದ ಮಾತ್ರಕ್ಕೆ ಪ್ರತಿ ಓಣಿಗೂ ಫೈಬರ್ ಬಂದಿದೆ ಎಂದು ಭಾವಿಸತಕ್ಕದ್ದಲ್ಲ. ಅದೇ ರೀತಿ, 2011ರಲ್ಲಿ ಮಂಜೂರಾಗಿ ನಂತರ ಭಾರತ್‌ನೆಟ್ ಎಂದು ಹೆಸರು ಪಡೆದ ಕೇಂದ್ರದ ಯೋಜನೆಯಡಿ ಗ್ರಾಮ ಪಂಚಾಯತಿ ಕಚೇರಿಗೆ ಫೈಬರ್ ತಲುಪಿದೆ ಎಂದರೆ ತಾಂಡಾಕ್ಕೂ ಹೊಲದ ಮನೆಗೂ ತಲುಪಿದೆ ಎಂದರ್ಥವಲ್ಲ. ಪಂಚಾಯತಿಯಿಂದ ಮನೆಯವರೆಗಿನ ಕೊನೆಯ ದೂರವನ್ನು ಯಾರಾದರೊಬ್ಬರು ಎಳೆದಿರಬೇಕು, ಎಳೆದವರೇ ಅದನ್ನು ನೋಡಿಕೊಳ್ಳುತ್ತಿರಬೇಕು.

ದೂರವಾಣಿಯ ಹಳೆಯ ತಾಮ್ರದ ತಂತಿಯ ಮೂಲಕ ಬರುವ ಬ್ರಾಡ್‌ಬ್ಯಾಂಡ್‌ನ ವೇಗವು ವಿನಿಮಯ ಕೇಂದ್ರದಿಂದ ದೂರ ಹೋದಂತೆಲ್ಲ ಕುಗ್ಗುತ್ತದೆ. ಕೇಂದ್ರದ ಪಕ್ಕದ ಮನೆಯಲ್ಲಿ ಚೆನ್ನಾಗಿ ನಡೆಯುವ ಸಂಪರ್ಕವು ನಾಲ್ಕೈದು ಕಿಲೋಮೀಟರ್ ಆಚೆ ತೆವಳುವುದು ಇದೇ ಕಾರಣದಿಂದ. ಫೈಬರ್‌ಗೆ ಈ ದೋಷವಿಲ್ಲ. 5ಜಿ ಗೋಪುರದಿಂದ ಸಂಕೇತ ಪಡೆದು ಮನೆಯಲ್ಲಿ ವೈಫೈ ನೀಡುವ ಸೇವೆಗಳು ದೇಶದಲ್ಲಿ 2023ರಿಂದ ಆರಂಭವಾಗಿವೆ. ತಂತಿ ಎಳೆಯಲಾಗದ ಕಡೆ ಇವು ಉಪಯುಕ್ತ. ಆದರೆ ಗೋಪುರದ ಸಾಮರ್ಥ್ಯವನ್ನು ಸುತ್ತಲಿನ ಮೊಬೈಲ್ ಬಳಕೆದಾರರೂ ಹಂಚಿಕೊಳ್ಳುವುದರಿಂದ, ಸಂಸ್ಥೆಯ ಪ್ರತಿನಿಧಿಯು ಮಾಳಿಗೆಯ ಮೇಲೆ ಉಪಕರಣವಿಟ್ಟು ಸಂಜೆಯ ವೇಳೆ ವೇಗವನ್ನು ತೋರಿಸಿದ ನಂತರವೇ ಹಣ ಪಾವತಿಸುವುದು ಒಳಿತು.

ಊರಿನಲ್ಲಿ ಕೇಬಲ್ ಟಿವಿ ನಡೆಸುವವರು ಅಂತರ್ಜಾಲವನ್ನೂ ನೀಡುವುದುಂಟು. ಇದರಲ್ಲಿ ತಪ್ಪೇನಿಲ್ಲ; ತಂತಿ ಕಡಿದಾಗ ಬೇಗ ಬರುವವರು ಅನೇಕ ಬಾರಿ ಅವರೇ. ಆದರೆ ಅವರು ಯಾವ ಪರವಾನಗಿ ಪಡೆದ ಸಂಸ್ಥೆಯ ಪರವಾಗಿ ಸೇವೆ ನೀಡುತ್ತಿದ್ದಾರೆ ಎಂಬುದನ್ನು ರಸೀದಿಯ ಮೇಲೆ ನೋಡಿಕೊಳ್ಳತಕ್ಕದ್ದು. ಅಂತರ್ಜಾಲ ಸೇವೆಯ ಪರವಾನಗಿಗಳನ್ನು ಎ, ಬಿ, ಸಿ ಎಂಬ ಪ್ರವರ್ಗಗಳಲ್ಲಿ ನೀಡಲಾಗಿದ್ದು, ಎ ಪ್ರವರ್ಗವು ಇಡೀ ದೇಶಕ್ಕೂ, ಬಿ ಪ್ರವರ್ಗವು ಒಂದು ದೂರಸಂಪರ್ಕ ವಲಯಕ್ಕೂ, ಸಿ ಪ್ರವರ್ಗವು ಅದಕ್ಕಿಂತ ಚಿಕ್ಕ ಪ್ರದೇಶಕ್ಕೂ ಅನ್ವಯಿಸುತ್ತದೆ. ತೆಲಂಗಾಣವು ಆಂಧ್ರ ವಲಯಕ್ಕೆ ಸೇರಿದೆ. ಜಹೀರಾಬಾದ್ ಕಡೆಯ ಸಂಸ್ಥೆಯೊಂದು ಆ ವಲಯಕ್ಕೆ ಮಾತ್ರ ಪರವಾನಗಿ ಹೊಂದಿದ್ದಲ್ಲಿ, ಗಡಿಯ ಈಚೆಗೆ ತಂತಿ ಎಳೆದು ಸೇವೆ ನೀಡಲು ಅದಕ್ಕೆ ಅಧಿಕಾರವಿರುವುದಿಲ್ಲ. ಗಡಿ ಗ್ರಾಮಗಳವರು ಇದನ್ನು ವಿಶೇಷವಾಗಿ ಗಮನಿಸುವುದು.

ಎಷ್ಟು ವೇಗ ಬೇಕು

ಬ್ರಾಡ್‌ಬ್ಯಾಂಡ್ ಎಂದು ಕರೆಯಲು ಇರಬೇಕಾದ ಕನಿಷ್ಠ ವೇಗವು 2004ರ ನೀತಿಯಲ್ಲಿ ಸೆಕೆಂಡಿಗೆ 256 ಕಿಲೋಬಿಟ್ ಆಗಿತ್ತು. 2013ರಲ್ಲಿ ಅದು 512 ಕಿಲೋಬಿಟ್‌ಗೂ, 2023ರ ಜನವರಿಯಲ್ಲಿ 2 ಮೆಗಾಬಿಟ್‌ಗೂ ಏರಿತು. ಇದು ಹೆಸರಿಗೆ ಬೇಕಾದ ಕನಿಷ್ಠ ಮಟ್ಟವೇ ಹೊರತು ಕುಟುಂಬದ ಅಗತ್ಯದ ಅಳತೆಯಲ್ಲ.

ಜಾಹೀರಾತಿನ ಎಂಬಿಪಿಎಸ್ ಎಂಬುದು ಸೆಕೆಂಡಿಗೆ ಇಷ್ಟು ಮೆಗಾಬಿಟ್ ಎಂಬುದರ ಸಂಕ್ಷೇಪ. ಕಡತಗಳ ಗಾತ್ರವನ್ನು ತೋರಿಸುವುದು ಬೈಟ್‌ಗಳಲ್ಲಿ. 8 ಬಿಟ್‌ಗಳಿಗೆ 1 ಬೈಟ್. ಆದ್ದರಿಂದ 100 ಎಂಬಿಪಿಎಸ್ ಸಂಪರ್ಕದಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 12.5 ಮೆಗಾಬೈಟ್ ಇಳಿಯುತ್ತದೆ. ಇದನ್ನು ಅರಿಯದೆ, ಸಂಸ್ಥೆಯು ಎಂಟರಲ್ಲಿ ಒಂದು ಪಾಲು ಮಾತ್ರ ನೀಡುತ್ತಿದೆ ಎಂದು ದೂರುವವರು ಅನೇಕರಿದ್ದಾರೆ.

ಉತ್ತಮ ಗುಣಮಟ್ಟದ ಒಂದು ಚಲನಚಿತ್ರ ವೀಕ್ಷಣೆಗೆ ಸುಮಾರು 5 ಎಂಬಿಪಿಎಸ್, ಒಂದು ವಿಡಿಯೋ ತರಗತಿಗೆ 3ರಿಂದ 4 ಎಂಬಿಪಿಎಸ್ ಸಾಕು. ಇಬ್ಬರು ಮಕ್ಕಳು ತರಗತಿಯಲ್ಲಿದ್ದು, ಟಿವಿ ನಡೆಯುತ್ತಿದ್ದು, ಇನ್ನೆರಡು ಮೊಬೈಲ್‌ಗಳು ಬಳಕೆಯಲ್ಲಿದ್ದರೂ ಒಟ್ಟು 20 ಎಂಬಿಪಿಎಸ್ ದಾಟುವುದು ವಿರಳ. ಐದಾರು ಜನರ ಕುಟುಂಬಕ್ಕೆ 30ರಿಂದ 50 ಎಂಬಿಪಿಎಸ್ ಯೋಜನೆ ಯಥೇಚ್ಛ. ಮನೆಯಿಂದಲೇ ಕಂಪನಿ ಕೆಲಸ ಮಾಡುವವರು ಅಥವಾ ಭಾರಿ ಗಾತ್ರದ ಕಡತಗಳನ್ನು ಕಳುಹಿಸುವವರು ಇದ್ದಲ್ಲಿ 100 ಪರಿಗಣಿಸಬಹುದು. ಅದಕ್ಕೂ ಮೇಲಿನ ಯೋಜನೆಗಳಿಗೆ ವ್ಯಯಿಸುವ ಹಣವು ಬಹುತೇಕ ಮನೆಗಳಲ್ಲಿ ಬಳಕೆಯಾಗದೆ ಉಳಿಯುತ್ತದೆ.

ಇಳಿಸುವ ವೇಗದಷ್ಟೇ ಏರಿಸುವ ವೇಗವನ್ನೂ ಕೇಳಿ ತಿಳಿಯಬೇಕು. ಪ್ರಮಾಣ ಪತ್ರಗಳನ್ನು ಸ್ಕ್ಯಾನ್ ಮಾಡಿ ಲಗತ್ತಿಸುವಾಗ, ವಿಡಿಯೋ ಸಂದರ್ಶನದಲ್ಲಿ ನಮ್ಮ ಮುಖ ಆ ಕಡೆಯವರಿಗೆ ಸ್ಪಷ್ಟವಾಗಿ ಕಾಣಬೇಕಾದಾಗ ಕೆಲಸಕ್ಕೆ ಬರುವುದು ಏರಿಸುವ ವೇಗ. ಜಾಹೀರಾತಿನಲ್ಲಿ ಇದು ಸಾಮಾನ್ಯವಾಗಿ ಇರುವುದಿಲ್ಲ.

‘ಅಪರಿಮಿತ’ ಎಂಬ ಯೋಜನೆಗಳಲ್ಲಿ ಒಂದು ಮಿತಿಯ ನಂತರ ವೇಗ ಇಳಿಯುವ ಷರತ್ತು ಇರುತ್ತದೆ. ಮಿತಿ ಎಷ್ಟು ಗಿಗಾಬೈಟ್, ನಂತರದ ವೇಗ ಎಷ್ಟು ಎಂಬೆರಡನ್ನೂ ಬರವಣಿಗೆಯಲ್ಲಿ ಪಡೆಯತಕ್ಕದ್ದು.

ಒಂದು ಫೈಬರ್ ಎಳೆಯನ್ನು ಸಾಮಾನ್ಯವಾಗಿ 32 ಅಥವಾ 64 ಮನೆಗಳು ಹಂಚಿಕೊಳ್ಳುತ್ತವೆ. ಅದರ ಮೇಲೆ, ಊರಿನಿಂದ ಹೊರಗೆ ಹೋಗುವ ಮಾರ್ಗಕ್ಕಾಗಿ ಸಂಸ್ಥೆಯು ಎಷ್ಟು ಸಾಮರ್ಥ್ಯ ಖರೀದಿಸಿದೆ ಎಂಬುದು ಗ್ರಾಹಕರಿಗೆ ಕಾಣಿಸುವುದಿಲ್ಲ. ರಾತ್ರಿ 8ರಿಂದ 10ರವರೆಗೆ ವೇಗ ಕುಸಿಯುವುದು ಇಲ್ಲಿಯೇ. ಅದೇ ಓಣಿಯಲ್ಲಿ ಅದೇ ಸಂಸ್ಥೆಯ ಸಂಪರ್ಕವಿರುವ ನೆರೆಯವರ ಮನೆಗೆ ರಾತ್ರಿ 9 ಗಂಟೆಗೆ ಹೋಗಿ ಪರೀಕ್ಷಿಸುವುದಕ್ಕಿಂತ ನಂಬಲರ್ಹವಾದ ಸಾಕ್ಷ್ಯ ಬೇರೆ ಇಲ್ಲ.

ಗೋಡೆ ಮತ್ತು ವಿದ್ಯುತ್

ನಮ್ಮ ಭಾಗದ ಹಳೆಯ ಮನೆಗಳ ಗೋಡೆಗಳು ಕಲ್ಲಿನವು, ಬಹಳ ದಪ್ಪ. ಪಡಸಾಲೆಯಲ್ಲಿಟ್ಟ ವೈಫೈ ಒಳಕೋಣೆಗೆ ತಲುಪದಿದ್ದರೆ ಅದು ಸಂಸ್ಥೆಯ ತಪ್ಪಲ್ಲ. 5 ಗಿಗಾಹರ್ಟ್ಸ್ ತರಂಗವು ವೇಗವುಳ್ಳದ್ದಾದರೂ ಗೋಡೆ ದಾಟುವಲ್ಲಿ ದುರ್ಬಲ, 2.4 ಗಿಗಾಹರ್ಟ್ಸ್ ಅದಕ್ಕಿಂತ ದೂರ ಹೋಗುತ್ತದೆ, ಆದರೆ ನಿಧಾನ. ಹೆಚ್ಚಿನ ವೇಗದ ಯೋಜನೆ ಕೊಳ್ಳುವ ಮೊದಲು ರೂಟರ್ ಅನ್ನು ಮನೆಯ ನಡುಭಾಗಕ್ಕೆ ಸ್ಥಳಾಂತರಿಸಿ ನೋಡುವುದು.

ವಿದ್ಯುತ್ ಹೋದಾಗ ಮನೆಯ ಮೋಡೆಮ್ ನಿಂತುಹೋಗುತ್ತದೆ. ಫೈಬರ್ ಮಾರ್ಗದ ನಡುವಿನ ಕವಲು ಪೆಟ್ಟಿಗೆಗಳಿಗೆ ಸಾಮಾನ್ಯವಾಗಿ ವಿದ್ಯುತ್ ಬೇಕಿಲ್ಲ. ಆದ್ದರಿಂದ ಸಂಸ್ಥೆಯ ಕೇಂದ್ರದಲ್ಲಿ ಬ್ಯಾಟರಿ ವ್ಯವಸ್ಥೆಯಿದ್ದು, ಮನೆಯಲ್ಲಿ ಮೋಡೆಮ್‌ಗೆ ತಕ್ಕ ಒಂದು ಸಣ್ಣ ಯುಪಿಎಸ್ ಇದ್ದರೆ ಊರು ಕತ್ತಲಲ್ಲಿದ್ದರೂ ಅರ್ಜಿ ಸಲ್ಲಿಸಬಹುದು. ಕೇಂದ್ರದಲ್ಲಿ ಬ್ಯಾಟರಿ ಇದೆಯೇ ಎಂದು ಕೇಳಲು ಸಂಕೋಚಪಡಬೇಕಾಗಿಲ್ಲ.

ದರ ಮತ್ತು ಮುಂಗಡ

ಪ್ರಕಟಿತ ದರದ ಮೇಲೆ ಶೇ. 18ರಷ್ಟು ಜಿಎಸ್‌ಟಿ ಸೇರುತ್ತದೆ. ಉದಾಹರಣೆಗೆ, 499 ರೂಪಾಯಿ ಎಂದಿರುವ ಯೋಜನೆಗೆ ತೆರಬೇಕಾದದ್ದು 588 ರೂಪಾಯಿ 82 ಪೈಸೆ. ಜೋಡಣಾ ಶುಲ್ಕ, ಮೋಡೆಮ್ ಬಾಡಿಗೆ ಅಥವಾ ಠೇವಣಿ ಬೇರೆ. ಠೇವಣಿಯು ಮರಳಿ ಬರುವ ಹಣವೋ ಅಲ್ಲವೋ ಎಂಬುದನ್ನು ರಸೀದಿಯಲ್ಲೇ ಬರೆಸಿಕೊಳ್ಳುವುದು.

ವರ್ಷದ ಹಣ ಒಮ್ಮೆಲೇ ಕಟ್ಟಿದರೆ ರಿಯಾಯಿತಿ ಎಂಬ ಆಮಿಷವು ಸಾಮಾನ್ಯ. ತಿಂಗಳಿಗೆ 550 ರೂಪಾಯಿಯ ಯೋಜನೆಯನ್ನು ವರ್ಷಕ್ಕೆ 6,000ಕ್ಕೆ ಕೊಟ್ಟರೆ ಉಳಿತಾಯ 600 ರೂಪಾಯಿ. ವರ್ಷದಲ್ಲಿ ಒಟ್ಟು 36 ದಿನಕ್ಕಿಂತ ಹೆಚ್ಚು ಸಂಪರ್ಕ ಇಲ್ಲದೇ ಹೋದರೆ ಆ ಉಳಿತಾಯವೆಲ್ಲ ಕರಗಿಹೋಗುತ್ತದೆ. ಸಂಸ್ಥೆಯೇ ಬಾಗಿಲು ಮುಚ್ಚಿದರೆ ಉಳಿದ ತಿಂಗಳುಗಳ ಹಣವೂ ಹೋಯಿತು. ಇದನ್ನು ಬರೆಯುತ್ತಿರುವ ಅಧಿಕಾರಿಯೂ ಲೆಕ್ಕಶಾಸ್ತ್ರ ಓದಿದವನೇ ಆಗಿದ್ದು, ಒಮ್ಮೆ ವರ್ಷದ ಮುಂಗಡ ಕಟ್ಟಿ, ನೀರಿನ ಕೊಳವೆಗಾಗಿ ಅಗೆದಾಗ ಕಡಿದ ತಂತಿ 19 ದಿನ ಹಾಗೆಯೇ ಬಿದ್ದಿದ್ದನ್ನು ಕಂಡಿದ್ದಾನೆ. ಮಗಳ ಅರ್ಜಿಯನ್ನು ಕೊನೆಗೆ ಮೊಬೈಲ್‌ನ ಹಾಟ್‌ಸ್ಪಾಟ್‌ನಲ್ಲಿ ಸಲ್ಲಿಸಬೇಕಾಯಿತು. ಮೊದಲ ಮೂರು ತಿಂಗಳು ಮಾಸಿಕವಾಗಿಯೇ ಪಾವತಿಸಿ, ದುರಸ್ತಿಯ ರೀತಿಯನ್ನು ಕಂಡ ನಂತರ ದೀರ್ಘಾವಧಿಗೆ ಹೋಗುವುದು ಕ್ಷೇಮ.

ಅಗೆಯುವವರು ಮುಂಚಿತವಾಗಿ ಮಾಹಿತಿ ನೀಡಲೆಂದು ಕೇಂದ್ರ ಸರ್ಕಾರವು 2023ರ ಮಾರ್ಚ್‌ನಲ್ಲಿ ‘ಕಾಲ್ ಬಿಫೋರ್ ಯು ಡಿಗ್’ ಎಂಬ ಆ್ಯಪ್ ಅನ್ನು ಬಿಡುಗಡೆ ಮಾಡಿದೆ. ಮನೆಯ ಮುಂದೆ ಜೆಸಿಬಿ ನಿಂತಾಗ ಸಂಸ್ಥೆಯ ಲೈನ್‌ಮನ್‌ಗೆ ಒಂದು ಕರೆ ಮಾಡುವುದೂ ಉಪಯುಕ್ತ.

ದೂರು ಸಲ್ಲಿಸುವ ಕ್ರಮ

ದೂರನ್ನು ಮೊದಲು ಸಂಸ್ಥೆಯ ದೂರು ಕೇಂದ್ರಕ್ಕೇ ಸಲ್ಲಿಸಿ ದೂರು ಸಂಖ್ಯೆಯನ್ನು ಪಡೆಯತಕ್ಕದ್ದು. ಲೈನ್‌ಮನ್‌ಗೆ ಬಾಯಿಮಾತಿನಲ್ಲಿ ಹೇಳಿದ್ದಕ್ಕೆ ದಾಖಲೆ ಇರುವುದಿಲ್ಲ. ಪರಿಹಾರ ದೊರೆಯದಿದ್ದಲ್ಲಿ, ಟ್ರಾಯ್ ಎಂದು ಪರಿಚಿತವಾದ ಭಾರತೀಯ ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರದ 2012ರ ದೂರು ಪರಿಹಾರ ನಿಯಮಾವಳಿಯಂತೆ, ಸಂಸ್ಥೆಯಲ್ಲಿಯೇ ಇರುವ ಮೇಲ್ಮನವಿ ಪ್ರಾಧಿಕಾರಕ್ಕೆ 30 ದಿನಗಳೊಳಗೆ ಶುಲ್ಕವಿಲ್ಲದೆ ಮೇಲ್ಮನವಿ ಸಲ್ಲಿಸಬಹುದು. ಮೇಲ್ಮನವಿಯು 39 ದಿನಗಳಲ್ಲಿ ತೀರ್ಮಾನವಾಗಬೇಕು. ಸಣ್ಣ ಸಂಸ್ಥೆಯಾದಲ್ಲಿ ಇಂತಹ ವ್ಯವಸ್ಥೆ ಇದೆಯೇ ಎಂಬುದನ್ನು ಸಂಪರ್ಕ ಪಡೆಯುವಾಗಲೇ ಕೇಳುವುದು. ಟ್ರಾಯ್ ಸಂಸ್ಥೆಯು ವೈಯಕ್ತಿಕ ದೂರುಗಳನ್ನು ತಾನೇ ಇತ್ಯರ್ಥಪಡಿಸುವುದಿಲ್ಲ. ಅಲ್ಲಿಗೆ ಪತ್ರ ಬರೆದು ತಿಂಗಳುಗಟ್ಟಲೆ ಕಾಯುವುದರಿಂದ ಕಾಲ ವ್ಯರ್ಥವಾಗುತ್ತದೆ.

ರಾಷ್ಟ್ರೀಯ ಗ್ರಾಹಕ ಸಹಾಯವಾಣಿ 1915ಕ್ಕೆ ಕರೆ ಮಾಡಬಹುದು. ದೂರಸಂಪರ್ಕ ಸೇವೆಯ ದೂರುಗಳನ್ನು ಗ್ರಾಹಕ ಆಯೋಗಗಳು ವಿಚಾರಿಸಬಹುದೆಂದು ಸುಪ್ರೀಂ ಕೋರ್ಟ್ 2022ರ ಫೆಬ್ರುವರಿಯಲ್ಲಿ ಸ್ಪಷ್ಟಪಡಿಸಿದ್ದು, ಬೀದರ್‌ನ ಜಿಲ್ಲಾ ಆಯೋಗದ ಮೊರೆ ಹೋಗಲು ಅವಕಾಶವಿದೆ. ಸೇವೆಗೆ ಪಾವತಿಸಿದ ಮೊತ್ತ 5 ಲಕ್ಷ ರೂಪಾಯಿವರೆಗೆ ಇದ್ದಲ್ಲಿ ದೂರಿಗೆ ಶುಲ್ಕವಿಲ್ಲ. ರಸೀದಿ, ದೂರು ಸಂಖ್ಯೆಗಳು, ದಿನಾಂಕ ಮತ್ತು ಸಮಯ ಕಾಣುವಂತೆ ತೆಗೆದ ವೇಗ ಪರೀಕ್ಷೆಯ ಚಿತ್ರಗಳು ಅಲ್ಲಿ ಸಾಕ್ಷ್ಯವಾಗುತ್ತವೆ.

ಅರ್ಜಿಯೊಂದಿಗೆ ನೀಡುವ ಗುರುತು ಮತ್ತು ವಿಳಾಸದ ಜೆರಾಕ್ಸ್ ಪ್ರತಿಗಳ ಮೇಲೆ ಯಾವ ಉದ್ದೇಶಕ್ಕಾಗಿ ನೀಡಲಾಗಿದೆ ಎಂದು ಬರೆದು, ದಿನಾಂಕ ನಮೂದಿಸಿ ಸಹಿ ಮಾಡುವುದು. ಖಾಲಿ ನಮೂನೆಗೆ ಸಹಿ ಹಾಕತಕ್ಕದ್ದಲ್ಲ. ಸಂಪರ್ಕವನ್ನು ರದ್ದುಪಡಿಸುವಾಗ ಮೋಡೆಮ್ ಹಿಂದಿರುಗಿಸಿದ್ದಕ್ಕೆ ಸ್ವೀಕೃತಿ ಪತ್ರ ಪಡೆಯುವುದು. ಅದಿಲ್ಲದಿದ್ದರೆ ಠೇವಣಿಯ ಹಣ ಮರಳಿ ಕೇಳಲು ಆಧಾರವೇ ಇರುವುದಿಲ್ಲ.